ಬಂಡೆ ನೋಡಬರುವವರಿಗೆ ದಾರಿ ಹೇಗಿರಬೇಕು?

ಜಗತ್ತಿನ ಭೂವಿಜ್ಞಾನಿಗಳು ನಾಲ್ಕು ವರ್ಷಗಳಿಗೊಮ್ಮೆ ಒಂದೆಡೆ ಸೇರುವ ಅಂತರರಾಷ್ಟ್ರೀಯ ಭೂವೈಜ್ಞಾನಿಕ ಮಹಾಧಿವೇಶನವು 1964ರಲ್ಲಿ ಹೊಸದಿಲ್ಲಿಯಲ್ಲಿ ನಡೆದಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ, ಅದರ 36ನೆಯ ಅಧಿವೇಶನವು 2020ರ ಮಾರ್ಚ್ ತಿಂಗಳಲ್ಲಿ ಮತ್ತೆ ದಿಲ್ಲಿಗೆ ಬರಬೇಕಾಗಿತ್ತು. ಕೋವಿಡ್ ಅದನ್ನು ತಡೆಯಿತು. ಮುಂದೂಡುತ್ತ ಮುಂದೂಡುತ್ತ ಹೋಗಿ, 2022ರ ಮಾರ್ಚ್‌ನಲ್ಲಿ ಮೂರು ದಿನಗಳ ಕಂಪ್ಯೂಟರ್ ಪರದೆಯ ಸಭೆಯಾಗಿ ಅದು ಮುಗಿದುಹೋಯಿತು. ಅಧಿವೇಶನಕ್ಕೆ ಹೊಂದಿಸಿ ದೇಶದ ನಾನಾ ಭಾಗಗಳಿಗೆ ಯೋಜಿಸಲಾಗಿದ್ದ ಕ್ಷೇತ್ರ ಪ್ರವಾಸಗಳು ಕಾಗದದಲ್ಲಿಯೇ ಉಳಿದವು. ಮುಂದಿನ ಅಧಿವೇಶನ 2024ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ ಜರುಗಿತು.

ಅಧಿವೇಶನ ಕೈತಪ್ಪಿತೆಂದು ಬಂಡೆಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳನ್ನು ನೋಡುವ ಹಂಬಲವೂ ಹೋಗುವುದಿಲ್ಲ. ಭೂಮಿಯ ಬಾಲ್ಯವನ್ನು ಅರಿಯಬಯಸುವ ವಿಜ್ಞಾನಿಗೆ ದಕ್ಷಿಣ ಆಫ್ರಿಕ, ಪಶ್ಚಿಮ ಆಸ್ಟ್ರೇಲಿಯ, ಕೆನಡ, ಗ್ರೀನ್‌ಲೆಂಡ್‌ಗಳಂತೆಯೇ ಕರ್ನಾಟಕವೂ ಒಂದು ಯಾತ್ರಾಸ್ಥಳ. ವಿದೇಶಿ ವಿಶ್ವವಿದ್ಯಾಲಯಗಳ ಸಣ್ಣ ದೊಡ್ಡ ತಂಡಗಳು ಇಲ್ಲಿಗೆ ಬಂದಿವೆ, ಮುಂದೆಯೂ ಬರಲಿವೆ. ಪ್ರಶ್ನೆ ಇರುವುದು ಬೇರೆಡೆ. ಅವರು ಯಾವ ದಾರಿಯಲ್ಲಿ ಬರುತ್ತಾರೆ? ಎಲ್ಲಿ ತಂಗುತ್ತಾರೆ? ಯಾರನ್ನು ಕೇಳಿ ಯಾವ ಬಂಡೆಯ ಮೇಲೆ ಸುತ್ತಿಗೆ ಎತ್ತುತ್ತಾರೆ? ಹೋಗುವಾಗ ಊರಿಗೆ ಏನನ್ನು ಬಿಟ್ಟುಹೋಗುತ್ತಾರೆ? ಪ್ರಯಾಣದ ಏರ್ಪಾಟು ಎಂಬುದು ಟ್ರಾವೆಲ್ಸ್ ಕಚೇರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಕೆಲಸವೆಂದು ಸಂಘಟಕರು ಭಾವಿಸುವುದುಂಟು. ವಾಸ್ತವದಲ್ಲಿ ಪ್ರವಾಸದ ನೀತಿ ನಿರ್ಧಾರವಾಗುವುದೇ ಆ ಏರ್ಪಾಟಿನಲ್ಲಿ.

ಈ ಚರ್ಚೆಗೆ ದಾವಣಗೆರೆ ಮತ್ತು ಹರಿಹರಗಳಿಗಿಂತ ತಕ್ಕ ನೆಲೆ ಮತ್ತೊಂದಿಲ್ಲ. ನಕಾಶೆಯಲ್ಲಿ ಈ ಜೋಡಿ ನಗರಗಳನ್ನು ಗುರುತಿಸಿದರೆ ಕಾರಣ ತಿಳಿಯುತ್ತದೆ. ಪೂರ್ವಕ್ಕೆ ಚಿತ್ರದುರ್ಗದ ಪದರಶಿಲೆಗಳ ಪಟ್ಟಿ, ಪಶ್ಚಿಮಕ್ಕೆ ಶಿವಮೊಗ್ಗೆಯಿಂದ ಧಾರವಾಡದವರೆಗೆ ಹಬ್ಬಿದ ಇನ್ನೊಂದು ಪಟ್ಟಿ. ಇವೆರಡರ ನಡುವೆ, ಹೊಲಗದ್ದೆಗಳ ಅಡಿಯಲ್ಲಿ, ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನ ಭಾಗಗಳನ್ನು ಒಳಗೊಂಡ ದಖ್ಖನದ ನೈಸ್ ಶಿಲೆಯ ತಳಹದಿ. 1880ರ ದಶಕದಲ್ಲಿ ಈ ಸೀಮೆಯನ್ನು ಸುತ್ತಿದ ರಾಬರ್ಟ್ ಬ್ರೂಸ್ ಫೂಟ್ ಪದರಶಿಲೆಗಳ ಗುಂಪಿಗೆ 'ಧಾರವಾಡ'ದ ಹೆಸರಿಟ್ಟರು. ಅಂದಿನಿಂದ ಇಂದಿನವರೆಗೆ ಪ್ರಪಂಚದ ಪಠ್ಯಪುಸ್ತಕಗಳಲ್ಲಿ ಆ ಕನ್ನಡದ ಊರಿನ ಹೆಸರು ಅಳಿದಿಲ್ಲ. ರಾಣೆಬೆನ್ನೂರು, ಹಿರಿಯೂರು, ಚಿತ್ರದುರ್ಗ, ಚನ್ನಗಿರಿ ಸೀಮೆಯ ಜೋಳದಾಳು, ಇವೆಲ್ಲವೂ ಇಂದು ಶಿಲಾಶ್ರೇಣಿಗಳ ಅಂತರರಾಷ್ಟ್ರೀಯ ಹೆಸರುಗಳು. ಆ ಊರುಗಳ ಮಕ್ಕಳಿಗೆ ಮಾತ್ರ ಈ ಸಂಗತಿಯನ್ನು ಯಾರೂ ಹೇಳಿಕೊಟ್ಟಿಲ್ಲ.

ಮಲೆನಾಡಿನ ಓದುಗರಿಗೆ ಬಯಲುಸೀಮೆಯ ನಗರಗಳ ಮಾತೇಕೆ ಎಂಬ ಸಂದೇಹ ಬರಬಹುದು. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆ ಹೊನ್ನಾಳಿಯನ್ನು ದಾಟಿ ಹರಿಹರವನ್ನು ಮುಟ್ಟುತ್ತವೆ. ಬೆಟ್ಟದಲ್ಲಿ ಸಡಿಲಗೊಂಡ ಮಣ್ಣು ಕೆಳಗಿನ ನದೀಪಾತ್ರದಲ್ಲಿ ಮರಳಾಗಿ ಕೂರುತ್ತದೆ. ಕುದುರೆಮುಖದ ಕಬ್ಬಿಣದ ಬಂಡೆಯೂ ಚಿತ್ರದುರ್ಗದ ಬೆಟ್ಟಸಾಲೂ ಒಂದೇ ಧಾರವಾಡ ಶಿಲಾಕುಟುಂಬಕ್ಕೆ ಸೇರಿದವು. ಘಟ್ಟದ ಹೋರಾಟ ಘಟ್ಟದಲ್ಲಿಯೇ ಮುಗಿಯುವುದಿಲ್ಲವೆಂಬುದನ್ನು ಹರಿಹರದ ಜನ ಬಲ್ಲರು. 1980ರ ದಶಕದಲ್ಲಿ ಹರಿಹರದ ಕೆಳಗಿನ ಹಳ್ಳಿಗಳು ನದಿಗೆ ಸೇರುವ ಕೈಗಾರಿಕಾ ತ್ಯಾಜ್ಯದ ವಿರುದ್ಧ ಎದ್ದು ನಿಂತವು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆದು, ಊರ ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು ಜನರಿಗೆ ಬೇಕಾದ ಸಸಿಗಳನ್ನು ನೆಡಲಾಯಿತು. ನದಿ, ಕಾಡು, ಬಂಡೆಗಳನ್ನು ಬೇರೆ ಬೇರೆಯಾಗಿ ನೋಡುವುದು ಇಲಾಖೆಗಳ ಅಭ್ಯಾಸ. ಜನರ ಬದುಕು ಅವನ್ನು ಹಾಗೆ ನೋಡುವುದಿಲ್ಲ.

ಮೊದಲಿಗೆ ಪ್ರಯಾಣದ ಮಾತು. ವಿದೇಶಿ ತಂಡವೊಂದು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಇಳಿಯುತ್ತದೆ. ಅಲ್ಲಿಯೇ ದೊಡ್ಡ ಹವಾನಿಯಂತ್ರಿತ ಬಸ್ಸೊಂದನ್ನು ಗೊತ್ತುಮಾಡಿ, ಬಾಟಲಿ ನೀರಿನ ಪೆಟ್ಟಿಗೆಗಳನ್ನು ತುಂಬಿಸಿ, ಸುಮಾರು 260 ಕಿಲೋಮೀಟರು ಹೆದ್ದಾರಿಯಲ್ಲಿ ಓಡಿ, ನಡುನಡುವೆ ಇಳಿದು ಕಲ್ಲು ಒಡೆದು, ರಾತ್ರಿಗೆ ಮತ್ತೊಂದು ನಗರವನ್ನು ಸೇರುವುದು ರೂಢಿ. ಈ ವ್ಯವಸ್ಥೆಯಲ್ಲಿ ಹಣವೆಲ್ಲ ರಾಜಧಾನಿಯಲ್ಲಿಯೇ ಉಳಿಯುತ್ತದೆ. ಹಳ್ಳಿಗೆ ದಕ್ಕುವುದು ಡೀಸೆಲ್ ಹೊಗೆ ಮತ್ತು ಖಾಲಿ ಬಾಟಲಿ. ಅದೂ ಅಲ್ಲದೆ ನಲವತ್ತು ಆಸನಗಳ ಬಸ್ಸು ಹೊಲದ ದಾರಿಗೆ ಇಳಿಯಲಾರದು. ತಂಡವು ಹೆದ್ದಾರಿಯ ಅಂಚಿನಲ್ಲಿಯೇ ನಿಂತು, ಲಾರಿಗಳ ಅಬ್ಬರದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ, ಅಪಾಯದ ನಡುವೆ ಪಾಠ ಮಾಡಬೇಕಾಗುತ್ತದೆ.

ಇದಕ್ಕಿಂತ ಉತ್ತಮವಾದ ದಾರಿ ಇದೆ: ಹೋಗುವಾಗ ರೈಲು, ಹಿಂದಿರುಗುವಾಗ ರಸ್ತೆ. ಬೆಂಗಳೂರು ಹುಬ್ಬಳ್ಳಿ ಮಾರ್ಗದಲ್ಲಿ ಅರಸೀಕೆರೆ, ಬೀರೂರು, ಚಿಕ್ಕಜಾಜೂರುಗಳ ಮೂಲಕ ದಾವಣಗೆರೆ ಮತ್ತು ಹರಿಹರಗಳಿಗೆ ರೈಲುಗಳ ಅನುಕೂಲ ಬಹುಕಾಲದಿಂದ ಇದೆ. 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು ಧಾರವಾಡ ವಂದೇ ಭಾರತ್ ರೈಲಿಗೆ ದಾವಣಗೆರೆಯಲ್ಲಿ ನಿಲುಗಡೆ ದೊರೆತಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಶಿವಮೊಗ್ಗೆಯ ವಿಮಾನ ನಿಲ್ದಾಣ ತೆರೆಯಿತು. ಹುಬ್ಬಳ್ಳಿಯದು ಅದಕ್ಕಿಂತ ಹಳೆಯದು. ಆದರೆ ರೈಲು ಮಧ್ಯಾಹ್ನದೊಳಗೆ ತಲುಪಿಸುವ ಊರಿಗೆ ಮತ್ತೊಂದು ವಿಮಾನ ಹಿಡಿಯುವ ಅಗತ್ಯವೇನಿದೆ? ಹೊರದೇಶದಿಂದ ಹಾರಿ ಬರುವುದೇ ಸಾಕಷ್ಟು ಹೊರೆ. ದೇಶದೊಳಗೆ ಅದನ್ನು ಹೆಚ್ಚಿಸದಿರುವುದು ಭೂಮಿಯ ಇತಿಹಾಸ ಓದುವವರಿಗೆ ಸಲ್ಲುವ ನಡತೆ.

ದಾವಣಗೆರೆಯಲ್ಲಿ ಇಳಿದ ಮೇಲೆ ವಾಹನಗಳನ್ನು ಅಲ್ಲಿಯೇ ಗೊತ್ತುಮಾಡಬಹುದು. ಹನ್ನೆರಡರಿಂದ ಹದಿನೈದು ಮಂದಿ ಕೂರುವ ಎರಡು ಟೆಂಪೊ ಟ್ರಾವೆಲರ್‌ಗಳು ಒಂದು ದೊಡ್ಡ ಬಸ್ಸಿಗಿಂತ ಎಷ್ಟೋ ಮೇಲು. ಅವು ಕೆರೆಯ ಏರಿಯ ಮೇಲೂ ಹಳ್ಳಿಯ ಓಣಿಯಲ್ಲೂ ತಿರುಗಬಲ್ಲವು. ಮುಖ್ಯವಾಗಿ, ಸ್ಥಳೀಯ ಚಾಲಕನಿಗೆ ಯಾವ ರಸ್ತೆಯಲ್ಲಿ ಯಾವ ತಿಂಗಳು ಏನು ನಡೆಯುತ್ತದೆಂಬುದು ಗೊತ್ತು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ನಾಡು. ಸುಗ್ಗಿಯ ಕಾಲದಲ್ಲಿ ಗ್ರಾಮೀಣ ರಸ್ತೆಗಳ ಒಂದು ಪಕ್ಕವೆಲ್ಲ ಕಾಳು ಒಣಗಿಸುವ ಕಣವಾಗಿರುತ್ತದೆ. ಅದರ ಮೇಲೆ ಚಕ್ರ ಹಾಯಿಸುವ ವಾಹನಕ್ಕೆ ರೈತನ ಬೈಗುಳ ತಪ್ಪಿದ್ದಲ್ಲ, ಅದು ನ್ಯಾಯವೂ ಹೌದು. ಭದ್ರಾ ನಾಲೆಗೆ ನೀರು ಬಿಟ್ಟಾಗ ಹರಿಹರ, ದಾವಣಗೆರೆ ಸುತ್ತಿನ ಗದ್ದೆದಾರಿಗಳು ಕೆಸರಾಗುತ್ತವೆ. ಗೂಗಲ್ ನಕಾಶೆ ಇವನ್ನು ತಿಳಿಸುವುದಿಲ್ಲ.

ಋತುವಿನ ಆಯ್ಕೆಯೂ ಇದೇ ಬಗೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹಸಿರು ಕವಿದು ಬಂಡೆ ಕಾಣಿಸದು, ಬಿತ್ತನೆಯ ಹೊಲಗಳನ್ನು ಹಾಯುವುದು ತರವಲ್ಲ. ಮಾರ್ಚ್ ಕಳೆದರೆ ಬಿಸಿಲು ತಡೆಯಲಾಗದು. ಬೆತ್ತಲೆ ಬಂಡೆಯ ಮೇಲೆ ನಡುಹಗಲು ನಿಲ್ಲುವ ಸಾಹಸವನ್ನು ಶೀತದೇಶದವರು ಮಾಡಬಾರದು. ಡಿಸೆಂಬರ್ ನಡುವಿನಿಂದ ಫೆಬ್ರವರಿ ಮುಗಿಯುವವರೆಗಿನ ಕಾಲ ತಕ್ಕುದು. ಆಗ ಕೊಯ್ಲಿನ ಭರಾಟೆ ತಗ್ಗಿರುತ್ತದೆ, ಹೊಲ ಬರಿದಾಗಿ ಬಂಡೆಗಳು ಎದ್ದುಕಾಣುತ್ತವೆ. ಆದರೆ ಸಂಜೆ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ ದಿನಕ್ಕೆ ನಾಲ್ಕು ತಾಣಗಳಿಗಿಂತ ಹೆಚ್ಚನ್ನು ತುರುಕಬಾರದು. ದಿನಕ್ಕೆ ಹತ್ತು ತಾಣ ತೋರಿಸುವ ಪ್ರವಾಸದಲ್ಲಿ ಜನ ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ.

ವಸತಿಯ ವಿಷಯದಲ್ಲಿ ಸಂಘಟಕರು ಎಡವುವುದು ಒಂದು ಸಣ್ಣ ಕಾಗದದಲ್ಲಿ. ವಿದೇಶಿಯರಿಗೆ ಕೊಠಡಿ ಕೊಡುವ ಯಾವುದೇ ಹೋಟೆಲು, ಅತಿಥಿಗೃಹ, ಮನೆತಂಗುದಾಣವು 24 ಗಂಟೆಗಳೊಳಗೆ ಅವರ ವಿವರವನ್ನು ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಈ ವ್ಯವಸ್ಥೆ ಇಲ್ಲದ ಸಣ್ಣ ವಸತಿಗೃಹಗಳು ರಾತ್ರಿ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತ ತಂಡವನ್ನು ಹಿಂದಕ್ಕೆ ಕಳುಹಿಸುತ್ತವೆ. ಹಾಗಾಗಿ ದಾವಣಗೆರೆಯ ಹಳೆಯ ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ಅಥವಾ ಹರಿಹರದಲ್ಲಿ ಕೊಠಡಿ ಕಾಯ್ದಿರಿಸುವಾಗಲೇ ಈ ಪ್ರಶ್ನೆ ಕೇಳಿಕೊಳ್ಳಬೇಕು. ವೀಸಾದ ಮಾತೂ ಅಷ್ಟೇ ಮುಖ್ಯ. ಪ್ರವಾಸಿ ವೀಸಾ ಸಂಶೋಧನೆಗಾಗಿ ಕೊಡುವಂಥದ್ದಲ್ಲ. ಸಂಶೋಧನೆಗೆ, ಸಮ್ಮೇಳನಕ್ಕೆ ಬೇರೆ ವೀಸಾಗಳಿವೆ. ನಿರ್ಜನ ಪ್ರದೇಶಗಳಲ್ಲಿ ಕೆಲಸ ಮಾಡುವ ಹೊರದೇಶದ ಭೂವಿಜ್ಞಾನಿಗಳು ಉಪಗ್ರಹ ದೂರವಾಣಿಯನ್ನು ಚೀಲದಲ್ಲಿಟ್ಟುಕೊಂಡು ಬರುವುದು ಅಭ್ಯಾಸ. ಭಾರತದಲ್ಲಿ ಅನುಮತಿಯಿಲ್ಲದೆ ಅದನ್ನು ಹೊಂದಿರುವುದು ಅಪರಾಧ. ಡ್ರೋನ್ ಹಾರಿಸುವುದಕ್ಕೂ ಕಟ್ಟುಪಾಡುಗಳಿವೆ. ಹೊರಡುವ ಮೊದಲೇ ಪತ್ರದ ಮೂಲಕ ತಿಳಿಸಿದರೆ ತಪ್ಪುವ ತೊಂದರೆ, ವಿಮಾನ ನಿಲ್ದಾಣದಲ್ಲಿ ತಿಳಿದರೆ ಪ್ರಕರಣವಾಗುತ್ತದೆ.

ಆರೋಗ್ಯದ ದೃಷ್ಟಿಯಿಂದಲೂ ದಾವಣಗೆರೆಯನ್ನು ನೆಲೆಯಾಗಿಸುವುದು ವಿವೇಕ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಿಂದ ಮೊದಲ್ಗೊಂಡು ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ಬಂಡೆಸಂದಿಯಲ್ಲಿ ಕೈಯಿಡುವವರಿಗೆ ಹಾವು, ಚೇಳುಗಳ ಭಯವಿದ್ದೇ ಇದೆ. ಚಿಕಿತ್ಸೆ ಎಷ್ಟು ದೂರದಲ್ಲಿದೆ ಎಂಬುದು ಪ್ರತಿ ದಿನದ ಯೋಜನೆಯಲ್ಲಿ ಬರೆದಿರಬೇಕು. ಊಟಕ್ಕೆ ಪೊಟ್ಟಣಗಳ ಅಗತ್ಯವಿಲ್ಲ. ಬೆಳಿಗ್ಗೆ ಬೆಣ್ಣೆದೋಸೆ, ಮಧ್ಯಾಹ್ನ ಖಾನಾವಳಿಯ ರೊಟ್ಟಿ ಊಟ, ಸಂಜೆ ಮಂಡಕ್ಕಿ ಮಿರ್ಚಿ ದೊರೆಯುವ ಸೀಮೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಸ್ಯಾಂಡ್‌ವಿಚ್ ಹೊತ್ತೊಯ್ಯುವುದು ಅನ್ನಕ್ಕೂ ಪರಿಸರಕ್ಕೂ ಅಪಚಾರ. ಕುಡಿಯುವ ನೀರಿಗೆ ಇಪ್ಪತ್ತು ಲೀಟರಿನ ಕ್ಯಾನುಗಳು ಮತ್ತು ಪ್ರತಿಯೊಬ್ಬರ ಕೈಯಲ್ಲೊಂದು ಸ್ವಂತ ಬಾಟಲಿ ಸಾಕು. ತಂಡದ ಮಹಿಳೆಯರಿಗೆ ಶೌಚಾಲಯದ ವ್ಯವಸ್ಥೆ ಎಲ್ಲಿದೆ ಎಂಬುದನ್ನು ಪ್ರತಿ ತಾಣಕ್ಕೂ ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಯೋಜನಾಪಟ್ಟಿಗಳಲ್ಲಿ ಈ ಸಾಲು ಕಾಣೆಯಾಗಿರುವುದೇ ಹೆಚ್ಚು.

ಇನ್ನು ದಾರಿಯ ವಿವರ. ಬಂದಿಳಿದ ದಿನದ ಸಂಜೆಯನ್ನು ಹರಿಹರಕ್ಕೆ ಮೀಸಲಿಡುವುದು ಒಳ್ಳೆಯದು. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು ಮಾತ್ರ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳು ಬಳಪದ ಕಲ್ಲಿನವು. ಧಾರವಾಡ ಶಿಲೆಗಳ ಮೃದುವಾದ ಬಗೆಯನ್ನು ಶಿಲ್ಪಿಗಳು ಆರಿಸಿದ್ದು ಹೇಗೆ, ಅದು ಕಡೆಯಲು ಒದಗಿದ್ದು ಏಕೆ ಎಂಬುದನ್ನು ಅಲ್ಲಿ ವಿವರಿಸಿದರೆ ಭೂವಿಜ್ಞಾನಕ್ಕೆ ನಾಗರಿಕತೆಯ ಮುಖವೊಂದು ದೊರೆಯುತ್ತದೆ. ಅಲ್ಲಿಂದ ನದೀತೀರಕ್ಕೆ ನಡೆದು ಮರಳಿನ ಸ್ಥಿತಿಯನ್ನೂ ನೋಡಬೇಕು. ಬೆಟ್ಟ ಸವೆದು ಮರಳಾಗುವ ವೇಗಕ್ಕೂ ಲಾರಿಗಳು ಅದನ್ನು ಸಾಗಿಸುವ ವೇಗಕ್ಕೂ ಇರುವ ಅಂತರವನ್ನು ಭೂವಿಜ್ಞಾನಿಗಳಿಗಿಂತ ಚೆನ್ನಾಗಿ ಅಳೆಯಬಲ್ಲವರು ಯಾರು?

ಎರಡನೆಯ ದಿನ ದಕ್ಷಿಣದ ಚನ್ನಗಿರಿ, ಸೂಳೆಕೆರೆಗಳ ಕಡೆಗೆ. ಶಾಂತಿಸಾಗರವೆಂಬ ಹೆಸರನ್ನೂ ಪಡೆದಿರುವ ಸೂಳೆಕೆರೆ ಹನ್ನೆರಡನೆಯ ಶತಮಾನದ್ದೆಂದು ಪ್ರತೀತಿ. ಅದರ ಏರಿ ಎರಡು ಬೆಟ್ಟಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡವಾಗಿ ನಿಂತಿದೆ. ಹೊರಬೀಳುವ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವೂ ಹೀಗೆಯೇ ಬೆಟ್ಟಸಾಲಿನ ಬಿರುಕೊಂದನ್ನು ಮುಚ್ಚಿದ ಕಟ್ಟೆ. ಗಟ್ಟಿಶಿಲೆಯ ಸಾಲನ್ನು ನೀರು ಕೊರೆದ ಜಾಗವನ್ನು ಹುಡುಕಿ ಕೆರೆ ಕಟ್ಟಿದವರಿಗೆ ಭೂವಿಜ್ಞಾನದ ಪದವಿ ಇರಲಿಲ್ಲ. ನೆಲವನ್ನು ಓದುವ ಕಣ್ಣಿತ್ತು. ವಿದೇಶಿ ಅತಿಥಿಗಳಿಗೆ ಇಂಥ ಕೆರೆಯ ಏರಿಯ ಮೇಲೆ ನಿಂತು ಹೇಳುವ ಪಾಠ ಎಷ್ಟೋ ಬಂಡೆಗಳ ಪಾಠಕ್ಕೆ ಸಮ.

ಮೂರನೆಯ ದಿನ ಹರಿಹರದಿಂದ ಹೊಳೆ ದಾಟಿ ರಾಣೆಬೆನ್ನೂರಿನ ಕಡೆಗೆ ಹೋದರೆ, ಹಳೆಯ ಕಡಲಿನ ತಳದಲ್ಲಿ ಕೆಸರು ಮರಳು ಬೆರೆತು ಗಟ್ಟಿಯಾದ ಗ್ರೇವ್ಯಾಕೆ ಶಿಲೆಗಳು ಸಿಗುತ್ತವೆ. ಶಿವಮೊಗ್ಗ ಜಿಲ್ಲೆಯ ಕುಂಸಿಯ ಸ್ಟ್ರೊಮೆಟೊಲೈಟ್‌ಗಳನ್ನು ಅದೇ ದಿನಕ್ಕೆ ಸೇರಿಸುವ ಆಸೆಯನ್ನು ಮಾತ್ರ ಬಿಡಬೇಕು. ಅತಿ ಪ್ರಾಚೀನ ಸೂಕ್ಷ್ಮಜೀವಿಗಳ ಹಾಸುಗಳು ಸುಣ್ಣದ ಪದರಗಳಲ್ಲಿ ಉಳಿಸಿಹೋದ ಆ ಗುರುತುಗಳಿಗೆ ಅವಸರದ ಭೇಟಿ ಸಲ್ಲದು. ಶಿವಮೊಗ್ಗೆಯಲ್ಲಿ ಒಂದು ರಾತ್ರಿ ತಂಗಿ ನೋಡುವಂಥವು.

ಹಿಂದಿರುಗುವ ಹಾದಿ ರಸ್ತೆಯದು, ಕಾರಣ ಈ ಹೆದ್ದಾರಿಯೇ ಒಂದು ತೆರೆದ ಗ್ರಂಥ. ದಾವಣಗೆರೆಯ ನೈಸ್ ಬಯಲನ್ನು ಬಿಟ್ಟು ಚಿತ್ರದುರ್ಗ ತಲುಪಿದರೆ ಕೋಟೆಯನ್ನು ಹೊತ್ತ ಗ್ರಾನೈಟ್ ಗುಡ್ಡಗಳು. ಅದರ ಪಕ್ಕದಲ್ಲಿಯೇ ಜೋಗಿಮಟ್ಟಿಯ ಪದರಶಿಲೆಯ ಬೆಟ್ಟಗಳು. ಮುಂದೆ ಐಮಂಗಲದ ಬಳಿ ಮರಡಿಹಳ್ಳಿಯ ದಿಂಬು ಲಾವಾ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾದ ದೃಶ್ಯ ಅಲ್ಲಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಆ ಒಣಭೂಮಿ ಕಡಲಿನ ತಳವಾಗಿತ್ತೆಂಬುದಕ್ಕೆ ಅದಕ್ಕಿಂತ ಸರಳವಾದ ಸಾಕ್ಷ್ಯ ಬೇಡ. ಹಿರಿಯೂರು, ಶಿರಾ ದಾಟಿ ಬಂದರೆ ಶಿವಗಂಗೆ ಮತ್ತು ದೇವರಾಯನದುರ್ಗದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಶಿಲೆ ರಾಜ್ಯವನ್ನು ಉತ್ತರ ದಕ್ಷಿಣವಾಗಿ ಸೀಳಿ ಹಾದುಹೋಗುತ್ತದೆ. ಕೊನೆಗೆ ಲಾಲ್‌ಬಾಗ್‌ನ ನೈಸ್ ಬಂಡೆಯ ಮೇಲೆ ಪ್ರವಾಸವನ್ನು ಮುಗಿಸಬಹುದು. ಚಿತ್ರದುರ್ಗದಲ್ಲಿ ಒಂದು ರಾತ್ರಿ ತಂಗಿದರೆ ಇದೆಲ್ಲ ಸಾವಕಾಶವಾಗಿ ಸಾಧ್ಯ.

ಇಷ್ಟರವರೆಗಿನದು ಅನುಕೂಲದ ಮಾತು. ಇನ್ನು ಮುಂದಿನದು ಹೊಣೆಯ ಮಾತು.

ಮರಡಿಹಳ್ಳಿಯ ದಿಂಬು ಲಾವಾ ಮತ್ತು ಲಾಲ್‌ಬಾಗ್‌ನ ಬಂಡೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ಕರ್ನಾಟಕದಲ್ಲಿ ಗುರುತಿಸಿರುವ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಎರಡು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಮತ್ತು ಕೋಲಾರದ ಪೆದ್ದಪಲ್ಲಿಯ ಶಿಲೆಗಳು ಉಳಿದೆರಡು. ಸ್ಮಾರಕವೆಂಬ ಬಿರುದು ದೊರೆತರೂ ಅದರ ಹಿಂದೆ ಪ್ರತ್ಯೇಕ ಕಾನೂನಿನ ಬಲವಿಲ್ಲ. ಕೇಂದ್ರ ಗಣಿ ಸಚಿವಾಲಯವು ಭೂಪರಂಪರೆಯ ತಾಣಗಳ ರಕ್ಷಣೆಗೆಂದು 2022ರ ಡಿಸೆಂಬರ್‌ನಲ್ಲಿ ಮಸೂದೆಯೊಂದರ ಕರಡನ್ನು ಪ್ರಕಟಿಸಿತು. ಕರಡು ಕರಡಾಗಿಯೇ ಉಳಿದು ವರ್ಷಗಳು ಸಂದವು. ಜೀವಿಗಳ ವಿಷಯದಲ್ಲಿ 2002ರ ಜೀವವೈವಿಧ್ಯ ಕಾಯಿದೆ ಇದೆ. ಅದರ ಆಧಾರದಿಂದಲೇ ಗಣಿಗಾರಿಕೆಯ ವಿರುದ್ಧ ಹೋರಾಡಿದ ಮಲೆನಾಡಿನ ಜನ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡವನ್ನು ಜೀವವೈವಿಧ್ಯ ಪಾರಂಪರಿಕ ತಾಣವನ್ನಾಗಿ ಉಳಿಸಿಕೊಂಡರು. ಬಂಡೆಯ ಪರವಾಗಿ ಅರ್ಜಿ ಹಾಕಲು ಅಂಥ ಕಾಯಿದೆ ಇಲ್ಲ. ಜಲ್ಲಿಯ ಕ್ರಷರಿಗೆ ಪರವಾನಗಿ ಕೊಡುವ ಕಚೇರಿಯ ಮೇಜಿನ ಮೇಲೆ 'ಇದು ಒಡೆಯಬಾರದ ಬಂಡೆ' ಎಂಬ ಪಟ್ಟಿ ಇರುವುದಿಲ್ಲ. ಗ್ರಾನೈಟ್ ಎಂದರೆ ನೆಲಹಾಸು, ನೈಸ್ ಎಂದರೆ ಜಲ್ಲಿ, ಪದರಶಿಲೆ ಎಂದರೆ ಅದಿರಿನ ಗುಮಾನಿ, ಇಷ್ಟೇ ಆಡಳಿತದ ಭೂವಿಜ್ಞಾನ.

ಹೊಡೆತ ಬೀಳುವುದು ಕ್ರಷರಿನಿಂದ ಮಾತ್ರವಲ್ಲ. ಮೂವತ್ತು ಮಂದಿಯ ತಂಡದಲ್ಲಿ ಪ್ರತಿಯೊಬ್ಬರೂ ಸುತ್ತಿಗೆ ಹಿಡಿದು ಒಂದೊಂದು ತುಣುಕು ಒಯ್ದರೆ, ಹತ್ತಿಪ್ಪತ್ತು ತಂಡಗಳ ನಂತರ ಆ ದಿಂಬುಗಳ ಅಂಚು ಉಳಿಯುವುದೇ? ಪ್ರಯೋಗಾಲಯಕ್ಕೆಂದು ಯಂತ್ರದಿಂದ ಕೊರೆದ ದುಂಡನೆಯ ರಂಧ್ರಗಳು ಯುರೋಪಿನ ಪ್ರಸಿದ್ಧ ಶಿಲಾತಾಣಗಳನ್ನೇ ವಿಕಾರಗೊಳಿಸಿ ಅಲ್ಲಿನ ವಿಜ್ಞಾನಿಗಳೇ ಲಜ್ಜೆಪಟ್ಟಿದ್ದಾರೆ. ಸ್ಕಾಟ್ಲೆಂಡ್ 2008ರಲ್ಲಿ ಪಳೆಯುಳಿಕೆ ಸಂಗ್ರಹಕ್ಕೆ ನಡತೆಯ ಸಂಹಿತೆಯೊಂದನ್ನು ರೂಪಿಸಿತು. ತಮ್ಮ ದೇಶದಲ್ಲಿ ಆ ನಿಯಮಗಳನ್ನು ಪಾಲಿಸುವವರು ಇಲ್ಲಿ ಪಾಲಿಸಬೇಕೆಂದು ಕೇಳುವುದು ಅಸೌಜನ್ಯವಲ್ಲ. ಸ್ಮಾರಕ ತಾಣಗಳಲ್ಲಿ, ಸ್ಟ್ರೊಮೆಟೊಲೈಟ್ ತಾಣಗಳಲ್ಲಿ ಸುತ್ತಿಗೆಗಳು ವಾಹನದಲ್ಲಿಯೇ ಉಳಿಯಬೇಕು. ಮಾದರಿ ಅನಿವಾರ್ಯವಾದರೆ ಅನುಮತಿ ಪಡೆದು, ಒಡೆದುಬಿದ್ದ ಚೂರುಗಳಿಂದ ಅಥವಾ ಹತ್ತಿರದ ಹಳೆಯ ಕಲ್ಲುಕ್ವಾರಿಯಿಂದ ಇಡೀ ತಂಡಕ್ಕೆ ಒಂದನ್ನು ಪಡೆದರೆ ಸಾಕು. ಅರಣ್ಯದ ಗಡಿಯೊಳಗಿನ ತಾಣಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆಯನ್ನು ತಿಂಗಳುಗಳ ಮುಂಚೆಯೇ ಪಡೆಯಬೇಕು. ಗೇಟಿನ ಬಳಿ ನಿಂತು ಫೋನು ಮಾಡಿಸುವ ಪದ್ಧತಿ ನಿಲ್ಲಬೇಕು.

ಊರಿನವರ ಒಪ್ಪಿಗೆ ಇನ್ನೂ ಸೂಕ್ಷ್ಮವಾದ ವಿಷಯ. ಸುತ್ತಿಗೆ, ನಕಾಶೆ, ದಿಕ್ಸೂಚಿ ಹಿಡಿದ ಅಪರಿಚಿತರು ಹೊಲದಲ್ಲಿ ಕಾಣಿಸಿಕೊಂಡರೆ ಗ್ರಾಮಸ್ಥರಿಗೆ ಸಂಶಯ ಬರುತ್ತದೆ. ಆ ಸಂಶಯಕ್ಕೆ ಇತಿಹಾಸವಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಕುದುರೆಮುಖದ ಕಬ್ಬಿಣದ ಅದಿರನ್ನು ಗುರುತಿಸಿದರು. ಅದು ವಿದ್ವತ್ತಿನ ಕೆಲಸವೇ ಆಗಿತ್ತು. ಆರು ದಶಕಗಳ ನಂತರ 1976ರಲ್ಲಿ ಕಂಪನಿ ಬಂತು, ಶೋಲಾ ಕಾಡಿನ ನಡುವೆ ಬೆಟ್ಟಗಳು ತೆರೆದವು, ಭದ್ರೆ ಕೆಂಪಾದಳು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿ ನಿಲ್ಲಬೇಕಾದರೆ ಜನರು ಎಷ್ಟು ವರ್ಷ ಬೀದಿಯಲ್ಲಿ, ನ್ಯಾಯಾಲಯದಲ್ಲಿ ಕಾದಾಡಬೇಕಾಯಿತು! ಚಿತ್ರದುರ್ಗದ ಪಟ್ಟಿಯ ಉತ್ತರದ ಮುಂದುವರಿಕೆಯಾದ ಗದಗದ ಕಪ್ಪತಗುಡ್ಡದಲ್ಲಿ ಚಿನ್ನದ ಶೋಧದ ಭಯ ಕಾಡಿದ್ದು, ಮಠ ಮತ್ತು ಜನ ಒಂದಾಗಿ ಹೋರಾಡಿದ್ದು, 2019ರಲ್ಲಿ ಅದು ವನ್ಯಜೀವಿಧಾಮವಾದದ್ದು ಈಚಿನ ಸಂಗತಿ. ಹೊನ್ನಾಳಿ ಸೀಮೆಯಲ್ಲಿಯೂ ಚಿನ್ನದ ಹಳೆಯ ಗುಂಡಿಗಳಿವೆ. ಹೀಗಿರುವಾಗ ವಿದೇಶಿಯರ ಗುಂಪೊಂದು ಕಲ್ಲು ಕುಟ್ಟುತ್ತಿದ್ದರೆ ರೈತ ತನ್ನ ಪಹಣಿಯ ಚಿಂತೆ ಮಾಡುವುದು ಸಹಜ.

ಆದ್ದರಿಂದ ಪ್ರವಾಸಕ್ಕೆ ಮೊದಲು ಸಂಬಂಧಪಟ್ಟ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ತಲುಪಬೇಕು. ಯಾರು ಬರುತ್ತಾರೆ, ಯಾವ ಸಂಸ್ಥೆಯವರು, ಹಣ ಯಾರದು, ಗಣಿ ಕಂಪನಿಯ ಪಾಲು ಇದೆಯೋ ಇಲ್ಲವೋ, ಮಾದರಿ ಒಯ್ಯುವರೋ ಇಲ್ಲವೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಗಣಿ ಕಂಪನಿಗಳ ಹಣದಿಂದ ನಡೆಯುವ ಪ್ರವಾಸವಾದರೆ ಅದನ್ನು ಮರೆಮಾಚುವುದು ವಂಚನೆಯಾಗುತ್ತದೆ. ಹೊಲದ ಒಡೆಯನನ್ನು ಕೇಳದೆ ಬದು ದಾಟಬಾರದು. ಅಲ್ಲದೆ ತಂಡದೊಡನೆ ಕನ್ನಡ ಬಲ್ಲ ಭೂವಿಜ್ಞಾನ ವಿದ್ಯಾರ್ಥಿಗಳು ಇರಲೇಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗಗಳಿವೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯ ಪಕ್ಕದ ತೋಳಹುಣಸೆಯಲ್ಲಿದೆ. ಇಲ್ಲಿನ ವಿದ್ಯಾರ್ಥಿಗಳಿಗೆ ಪ್ರವಾಸದಲ್ಲಿ ಉಚಿತವಾಗಿ ಕೆಲವು ಆಸನಗಳನ್ನು ಮೀಸಲಿಡುವುದು ದಾನವಲ್ಲ. ಅವರು ಮಾರ್ಗದರ್ಶಕರೂ ಹೌದು, ಮುಂದಿನ ಕಾವಲುಗಾರರೂ ಹೌದು.

ಹೊರಗಿನ ಉದಾಹರಣೆ ಬೇಕೆಂದರೆ ದಕ್ಷಿಣ ಆಫ್ರಿಕದ ಬಾರ್ಬರ್ಟನ್ ಇದೆ. ಅಲ್ಲಿಯ ಬೆಟ್ಟಗಳೂ ಧಾರವಾಡದ ಬಳಗದವೇ, ವಯಸ್ಸಿನಲ್ಲಿ ಇನ್ನೂ ಹಿರಿಯವು. ಅಲ್ಲಿಯೂ ಚಿನ್ನದ ಗಣಿಗಳ ಇತಿಹಾಸವಿದೆ. ಆ ಊರಿನವರು ಬೆಟ್ಟದ ರಸ್ತೆಯುದ್ದಕ್ಕೂ, ಸುಮಾರು ನಲವತ್ತು ಕಿಲೋಮೀಟರು, ವಾಹನ ನಿಲ್ಲಿಸುವ ತಂಗುದಾಣಗಳನ್ನೂ ಸಾಮಾನ್ಯರಿಗೆ ತಿಳಿಯುವ ಫಲಕಗಳನ್ನೂ ನಿಲ್ಲಿಸಿ ಶಿಲಾಪಥವೊಂದನ್ನು ರೂಪಿಸಿದರು. 2018ರಲ್ಲಿ ಆ ಬೆಟ್ಟಸಾಲು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಂಡೆಯನ್ನು ಜನ ಗುರುತಿಸಿ ಗೌರವಿಸಲು ತೊಡಗಿದ ಮೇಲೆ ಅದನ್ನು ಒಡೆಯುವುದು ಕಷ್ಟವಾಗುತ್ತದೆ. ದಾವಣಗೆರೆಯಿಂದ ಮರಡಿಹಳ್ಳಿಯವರೆಗಿನ ದಾರಿಗೆ ಅಂಥ ಆರೇಳು ಕನ್ನಡ ಫಲಕಗಳು ಸಾಕು. ಹೆದ್ದಾರಿಯ ಅಗಲೀಕರಣದಲ್ಲಿ ಗುಡ್ಡ ಕಡಿದಾಗ ತೆರೆದುಕೊಳ್ಳುವ ಒಳ್ಳೆಯ ಶಿಲಾಮುಖವೊಂದನ್ನಾದರೂ ಸಿಮೆಂಟು ಬಳಿಯದೆ ಉಳಿಸಿ, ಪಕ್ಕದಲ್ಲಿ ಸುರಕ್ಷಿತವಾಗಿ ನಿಲ್ಲುವ ಜಾಗ ಕೊಟ್ಟರೆ ಅದು ಶಾಶ್ವತವಾದ ತರಗತಿಯಾಗುತ್ತದೆ.

ಮೈಸೂರು ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಮುನ್ನಡೆಸಿದ, 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ. ಪಿ. ರಾಧಾಕೃಷ್ಣ ಅವರು ವಿಜ್ಞಾನ ಕನ್ನಡದಲ್ಲಿಯೂ ನುಡಿಯಬೇಕೆಂದು ಬರೆದು ತೋರಿಸಿದರು. ಆ ಪರಂಪರೆಗೆ ನಿಷ್ಠೆ ತೋರುವುದೆಂದರೆ ಪ್ರತಿಯೊಂದು ಅಂತರರಾಷ್ಟ್ರೀಯ ತಂಡವೂ ತಾನು ನಿಂತ ತಾಣಗಳ ಪಟ್ಟಿಯನ್ನು, ಅವುಗಳ ಈಗಿನ ಸ್ಥಿತಿಯನ್ನು, ಕ್ವಾರಿ ಎಷ್ಟು ಹತ್ತಿರ ಬಂದಿದೆ ಎಂಬ ವರದಿಯನ್ನು ಕನ್ನಡದಲ್ಲಿ ಜಿಲ್ಲಾಡಳಿತಕ್ಕೂ ಪಂಚಾಯಿತಿಗೂ ಊರಿನ ಶಾಲೆಗೂ ಕೊಟ್ಟುಹೋಗುವುದು. ಹೊರದೇಶದ ವಿಶ್ವವಿದ್ಯಾಲಯದ ಮುದ್ರೆಯಿರುವ ಒಂದು ಪತ್ರಕ್ಕೆ ಕಚೇರಿಗಳಲ್ಲಿ ಸಿಗುವ ಬೆಲೆ ಹಳ್ಳಿಯವರ ನೂರು ಅರ್ಜಿಗಳಿಗೆ ಸಿಗುವುದಿಲ್ಲ. ಇದು ಖೇದದ ಸಂಗತಿ. ಆದರೂ ಬಂಡೆಯ ಉಳಿವಿಗೆ ಅದನ್ನು ಬಳಸಿಕೊಳ್ಳದಿರುವುದು ಜಾಣತನವಲ್ಲ.

ದಾವಣಗೆರೆ, ಹರಿಹರ, ಚಿತ್ರದುರ್ಗಗಳ ಪರಿಸರಾಸಕ್ತರು, ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಈಗಲೇ ಮಾಡಬಹುದಾದ ಕೆಲಸವೊಂದಿದೆ. ವಿದೇಶಿ ತಂಡ ಬರುವುದನ್ನು ಕಾಯದೆ, ತಮ್ಮ ತಾಲ್ಲೂಕಿನ ಮುಖ್ಯ ಬಂಡೆತಾಣಗಳನ್ನು ತಾವೇ ನಡೆದು ನೋಡಿ, ಛಾಯಾಚಿತ್ರ ತೆಗೆದು, ಸರ್ವೆ ನಂಬರಿನೊಡನೆ ಪಟ್ಟಿಮಾಡಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲಿ. ಯುನೆಸ್ಕೊ ಗೊತ್ತುಮಾಡಿರುವ ಅಂತರರಾಷ್ಟ್ರೀಯ ಭೂವೈವಿಧ್ಯ ದಿನ ಅಕ್ಟೋಬರ್ 6 ಅದಕ್ಕೆ ತಕ್ಕ ದಿನ. ಇನ್ನೂರೈವತ್ತು ಕೋಟಿ ವರ್ಷ ಬಾಳಿದ ಶಿಲೆಯನ್ನು ಜಲ್ಲಿಯಾಗಿಸಲು ಒಂದು ಮಧ್ಯಾಹ್ನ ಸಾಕು. ಅತಿಥಿಗಳು ಬಂದಾಗ ತೋರಿಸಲು ಬಂಡೆಯೇ ಇಲ್ಲವಾದರೆ, ಎಷ್ಟೇ ಅಚ್ಚುಕಟ್ಟಾದ ಪ್ರಯಾಣಪಟ್ಟಿಯಿಂದಲೂ ಪ್ರಯೋಜನವಿಲ್ಲ.